ಜೊತೆಗಾರರ ಟಿಕೆಟ್

ಕರ್ಟಿಸ್ ಮೂರು ಬಣ್ಣದ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡುತ್ತಿದ್ದಾಗ ಮಾರ್ಲಿಸ್ ಎಕ್ಲಂಡ್ ಕಾಫಿ ಬಗ್ಗಿಸುತ್ತಿದ್ದಳು. ಆ ಹಾಳೆಗಳಲ್ಲಿ ವಿಮಾನದ ಚಿತ್ರವಿತ್ತು, ನಗುವ ಮುಖಗಳಿದ್ದವು, ಡಾಲರಿನ ಅಂಕಿಗಳಿದ್ದವು. ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಆದರೆ ಅಲ್ಲಿ ತೀರ್ಮಾನವಾಗಲಿದ್ದುದು ಅವಳ ಇಪ್ಪತ್ತಾರು ವರ್ಷದ ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ ಎಂಬುದು. ಕೋಣೆಯಲ್ಲಿದ್ದ ಮೂವರಲ್ಲಿ ಅದು ಹೊಳೆದದ್ದು ಅವಳೊಬ್ಬಳಿಗೇ.

ಕೆಲಸ ಏನೆಂದರೆ ಚರ್ಚುಗಳ ಪೈಪ್ ಆರ್ಗನ್‌ಗಳನ್ನು ಶ್ರುತಿ ಮಾಡುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಕೊಳವೆಗಳ ಕಾಡಿನೊಳಗೆ ಹೊಕ್ಕು, ಏಣಿಯ ಮೇಲೆ ಒರಗಿ, ಒಂದೊಂದೇ ಕೊಳವೆಯನ್ನು ತಟ್ಟಿ ತಿದ್ದಬೇಕು. ಇನ್ನೊಬ್ಬರು ಹೊರಗೆ ಕೀಲಿಮಣೆಯ ಮುಂದೆ ಕೂತು ಒಂದೊಂದೇ ಸ್ವರವನ್ನು ಒತ್ತಿ ಹಿಡಿಯಬೇಕು. ಒಳಗಿನವನು ಆರ್ವಿಡ್ ಸೋಲ್ಬರ್ಗ್. ಮಿನಿಯಾಪೊಲಿಸ್‌ನ ಈಶಾನ್ಯ ಭಾಗದ ಆ ಹಳೆಯ ಕಾರ್ಖಾನೆ ಅವನದು, ಬಾಗಿಲ ಮೇಲಿನ ಹೆಸರೂ ಅವನದು. ಹೊರಗಿನವಳು ಮಾರ್ಲಿಸ್. ಒಳಗಿನಿಂದ ಅವನು “ಮುಂದೆ” ಅಂದರೆ ಅವಳು ಮುಂದಿನ ಸ್ವರಕ್ಕೆ ಹೋಗುತ್ತಿದ್ದಳು. ಇಬ್ಬರೂ ದಿನವಿಡೀ ಒಬ್ಬರ ಮುಖ ಒಬ್ಬರು ನೋಡದೆ ದುಡಿಯುವ ಕೆಲಸ ಅದು.

ಒತ್ತಿ ಹಿಡಿಯುವುದಷ್ಟೇ ತಾನೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ಮಾರ್ಲಿಸ್‌ಳ ತಂದೆ ಬಯಲುಸೀಮೆಯ ಒಂದು ಸಣ್ಣ ಚರ್ಚಿನ ಪಾದ್ರಿ. ದಿನಾ ಸಂಜೆ ದೀಪದ ಮುಂದೆ ಸ್ತುತಿಪದ್ಯಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಅರ್ಧ ಸಾಲು ಹೇಳಿ ನಿಲ್ಲಿಸುವರು, ಒಂದು ಉಸಿರು ಕಾಯುವರು, ಆಮೇಲೆ ಉಳಿದರ್ಧ. ಆ ನಡುವಿನ ಮೌನದಲ್ಲಿ ದೇವರು ಕೂರುತ್ತಾನೆ, ಅದನ್ನು ತುಂಬಲು ಅವಸರ ಮಾಡಬೇಡ ಎಂದು ಮಗಳಿಗೆ ಹೇಳಿಕೊಟ್ಟಿದ್ದರು. ಕೀಲಿಮಣೆಯ ಮುಂದೆ ಕೂತಾಗಲೂ ಅವಳು ಮನಸ್ಸಿನಲ್ಲಿ ಪದ್ಯ ಹೇಳಿಕೊಳ್ಳುತ್ತ, ಕಿವಿಯನ್ನು ಕೊಳವೆಗಳ ಕಡೆ ಇಟ್ಟಿರುತ್ತಿದ್ದಳು. ಎರಡು ಕೊಳವೆಗಳ ನಡುವೆ ಅಲೆ ಅಲೆಯಾಗಿ ನಡುಗುವ ಸದ್ದು ನಿಧಾನವಾಗುತ್ತ, ಇನ್ನೇನು ಕರಗಿತು ಅನ್ನುವಾಗ ಅವಳ ಬೆರಳು ತಾನಾಗಿ ಸಡಿಲಾಗುತ್ತಿತ್ತು. ಆರ್ವಿಡ್ “ಮುಂದೆ” ಅನ್ನುವುದಕ್ಕೂ ಅವಳು ಮುಂದೆ ಹೋಗುವುದಕ್ಕೂ ಕೂದಲಿನಷ್ಟು ಅಂತರ ಇರುತ್ತಿರಲಿಲ್ಲ. ಅವನಿಗೆ ತಪ್ಪಿದರೆ, ಅಪರೂಪಕ್ಕೆ ತಪ್ಪುತ್ತಿತ್ತು, ಅವಳು ಬೆರಳು ಎತ್ತುತ್ತಿರಲಿಲ್ಲ. ಅವನು ಇನ್ನೊಮ್ಮೆ ಕೇಳಿ, ಗೊಣಗಿ, ತಿದ್ದುತ್ತಿದ್ದ. ಈ ವಿಚಾರ ಇಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಆಡಿದವರಲ್ಲ.

ಸುತ್ತಮುತ್ತಲ ಚರ್ಚುಗಳಿಗೆ ವ್ಯಾನಿನಲ್ಲಿ ಹೋಗುತ್ತಿದ್ದರು. ದೂರದವು ಎರಡೇ: ಈಸ್ಟರಿಗೆ ಮುಂಚೆ ಸ್ಪೋಕ್ಯಾನ್, ಕ್ರಿಸ್‌ಮಸ್ಸಿಗೆ ಮುಂಚೆ ಬಿಲ್ಲಿಂಗ್ಸ್. ಅವಕ್ಕೆ ವಿಮಾನ. ವರ್ಷದ ಅರ್ಧ ಆದಾಯ ಆ ಎರಡು ದೊಡ್ಡ ಆರ್ಗನ್‌ಗಳಿಂದಲೇ ಬರುತ್ತಿತ್ತು. ಇಷ್ಟು ವರ್ಷ ಆರ್ವಿಡ್‌ನ ಹಳೆಯ ಗೋಲ್ಡ್ ಕಾರ್ಡಿನಲ್ಲಿ ಇಬ್ಬರಿಗೂ ಟಿಕೆಟ್ ಕೊಳ್ಳುತ್ತಿದ್ದರು. ಈಗ ಟಿಕೆಟ್ಟಿನ ಬೆಲೆ ಏರಿತ್ತು. ಆರ್ವಿಡ್‌ನ ಅಕ್ಕನ ಮಗ ಕರ್ಟಿಸ್ ಫೀನಿಕ್ಸ್‌ನಿಂದ ಬಂದು ನೆಲೆಸಿ, ಸೋದರಮಾವನ ವ್ಯವಹಾರಕ್ಕೆ ಕೈ ಹಾಕಿದ್ದ.

ಅವನು ಅಂದು ಬೆಳಿಗ್ಗೆ ವಿವರಿಸಿದ್ದನ್ನು ಚುಟುಕಾಗಿ ಹೇಳಿದರೆ ಹೀಗೆ. ನಾರ್ತ್‌ಲೇಕ್ ವಿಮಾನ ಕಂಪನಿಯ ಹೆಸರಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಮೂರು ದರ್ಜೆಯ ಕ್ರೆಡಿಟ್ ಕಾರ್ಡುಗಳಿವೆ. ಕೆಳಗಿನದು ಗೋಲ್ಡ್: ವರ್ಷಕ್ಕೆ ನೂರೈವತ್ತು ಡಾಲರ್ ಶುಲ್ಕ, ಒಂದು ಪೆಟ್ಟಿಗೆ ಸಾಗಿಸುವುದು ಬಿಟ್ಟಿ. ನಡುವಿನದು ಪ್ಲಾಟಿನಂ: ಮುನ್ನೂರೈವತ್ತು, ಸೇರಿದ ಕೂಡಲೇ ಎರಡು ಜೊತೆಗಾರರ ಟಿಕೆಟ್, ಆಮೇಲೆ ಪ್ರತಿ ವರ್ಷ ಎರಡು. ಅಂದರೆ ಕಾರ್ಡು ಇದ್ದವರು ತಮಗೊಂದು ಟಿಕೆಟ್ ಕೊಂಡರೆ ಜೊತೆಗೆ ಬರುವವರಿಗೆ ತೆರಿಗೆ ಮಾತ್ರ. ಮೇಲಿನದು ಸಮಿಟ್: ಆರುನೂರೈವತ್ತು. ಅದರಲ್ಲಿ ಜೊತೆಗಾರರಿಲ್ಲ. ಬದಲಿಗೆ ನಿಲ್ದಾಣದ ವಿಶೇಷ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಬಿಸಿ ಸೂಪು, ಮತ್ತು ಜಾಗ ಖಾಲಿಯಿದ್ದರೆ ಮುಂದಿನ ಅಗಲವಾದ ಸೀಟು.

ಎರಡು ಪ್ರಯಾಣ, ಎರಡು ಜೊತೆಗಾರರ ಟಿಕೆಟ್. ಕುರುಡನಿಗೂ ಕಾಣುವ ಲೆಕ್ಕ. ಮಾರ್ಲಿಸ್ ಅದನ್ನು ಕೇಳಿದ ಕ್ಷಣದಲ್ಲೇ ಮಾಡಿ ಮುಗಿಸಿ, ನಿಂಬೆಹಣ್ಣಿನ ಸಿಹಿ ಬಿಲ್ಲೆಗಳ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಕೂತಳು.

ಆದರೆ ಕರ್ಟಿಸ್‌ನ ಬೆರಳು ಸಮಿಟ್ ಹಾಳೆಯ ಮೇಲೇ ಆಡುತ್ತಿತ್ತು. ಮಾವನಿಗೆ ಅರವತ್ತಮೂರು, ಎರಡೂ ಮೊಣಕಾಲು ಸವೆದಿವೆ, ಇಕ್ಕಟ್ಟಿನ ಸೀಟಿನಲ್ಲಿ ಮಡಿಚಿ ಕೂತು ಹೋದರೆ ಇಳಿದ ಮೇಲೆ ಏಣಿ ಹತ್ತುವುದು ಹೇಗೆ ಎಂದು ಅವನು ಕೇಳಿದ. ಅದೇನೂ ಸುಳ್ಳಲ್ಲ. ಆರ್ವಿಡ್‌ನ ಕಣ್ಣು ಆ ಮೆತ್ತನೆಯ ಕುರ್ಚಿಯ ಚಿತ್ರದಲ್ಲಿ ನೆಟ್ಟಿದ್ದನ್ನು ಮಾರ್ಲಿಸ್ ನೋಡಿದಳು.

“ಅಲ್ಲಿ ಇಬ್ಬರು ಬೇಕಲ್ಲಪ್ಪ,” ಎಂದ ಆರ್ವಿಡ್.

“ಆ ಚರ್ಚಲ್ಲೇ ಯಾರಾದ್ರೂ ಸಿಗ್ತಾರೆ ಮಾವ. ರಿಟೈರಾದೋರು, ಬಿಡುವಾಗಿರೋರು. ಕೀಲಿ ಒತ್ತೋದಕ್ಕೇನು, ಬೆರಳಿದ್ದೋರು ಯಾರು ಬೇಕಾದ್ರೂ ಒತ್ತಬಹುದು.”

ಯಾರು ಬೇಕಾದರೂ. ಮಾರ್ಲಿಸ್‌ಳ ಕಿವಿ ಬೆಚ್ಚಗಾಯಿತು. ಅವಳೆದುರಿಗೇ, ಅವಳು ಬಗ್ಗಿಸಿದ ಕಾಫಿ ಕುಡಿಯುತ್ತ, ಹವೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳು ಆರ್ವಿಡ್‌ನ ಕಡೆ ನೋಡಿದಳು. ಇವನಾದರೂ ಒಂದು ಮಾತು ಆಡಲಿ.

ಆರ್ವಿಡ್ ಕತ್ತು ತುರಿಸಿಕೊಂಡು ಕೇಳಿದ: “ನಿಂಗೇನೂ ಬೇಜಾರಿಲ್ಲ ತಾನೆ, ಮಾರ್ಲಿಸ್?”

“ಪರವಾಗಿಲ್ಲ,” ಎಂದಳು ಅವಳು.

ಆ ಸೀಮೆಯವರಿಗೆ ಇದರ ಅರ್ಥ ಗೊತ್ತು. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲ ಕೇಳಿದಾಗ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದಾಗ ಮನಸ್ಸಿನಲ್ಲಿದ್ದದ್ದು ಹೊರಗೆ ಬರಬೇಕು. ಒಂದು ತುಂಡು ಕೇಕಿಗೂ ಹೀಗೆ, ಮದುವೆಗೂ ಹೀಗೆ. ಮೊದಲ ಸಲಕ್ಕೇ ಹೌದು ಅಂದವರನ್ನು ಹಸಿದವರು ಅನ್ನುತ್ತಾರೆ. ಒಂದೇ ಸಲ ಕೇಳಿ ಬಿಟ್ಟವರನ್ನು ಏನೆನ್ನಬೇಕೆಂದು ಅಲ್ಲಿಯವರಿಗೆ ಗೊತ್ತಿಲ್ಲ, ಏಕೆಂದರೆ ಯಾರೂ ಹಾಗೆ ಬಿಡುವುದಿಲ್ಲ. ಆರ್ವಿಡ್ ಅದೇ ನೀರು ಕುಡಿದು ಬೆಳೆದವನು. ಅವನು ಎರಡನೇ ಸಲ ಕೇಳಲು ಬಾಯಿ ತೆರೆದಿದ್ದನೋ ಏನೋ. ಅಷ್ಟರಲ್ಲಿ ಮರುಭೂಮಿಯ ಊರಿನಲ್ಲಿ ಬೆಳೆದ ಕರ್ಟಿಸ್, “ಸರಿ ಹಾಗಾದ್ರೆ, ಮಾರ್ಲಿಸ್ ಅವರೇ ಒಪ್ಪಿದ್ರಲ್ಲ,” ಎಂದು ಫೋನಿನ ಮೇಲೆ ಬೆರಳೊತ್ತಿದ. ಅರ್ಜಿ ಹೋಯಿತು. ಒಂದು ನಿಮಿಷದಲ್ಲಿ ಒಪ್ಪಿಗೆಯೂ ಬಂತು. ಆರ್ವಿಡ್ ತೆರೆದ ಬಾಯಿಗೆ ನಿಂಬೆ ಬಿಲ್ಲೆ ಹಾಕಿಕೊಂಡ.

ಮಾರ್ಲಿಸ್ ಲೋಟಗಳನ್ನು ತೊಳೆದಿಟ್ಟು ಮನೆಗೆ ಹೊರಟಳು. ದಾರಿಯುದ್ದಕ್ಕೂ ಹಿಮ ಕರಗಿ ರಾಡಿಯಾಗಿತ್ತು. ಅವಳಿಗೆ ಕರ್ಟಿಸ್‌ನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ತಿಳಿಯದವನು ತಿಳಿಯದ್ದನ್ನು ಆಡಿದ. ಹೊಟ್ಟೆ ಉರಿದದ್ದು ತಿಳಿದವನ ಮೇಲೆ. ಇಪ್ಪತ್ತಾರು ವರ್ಷ ನನ್ನ ಬೆರಳಿನ ಮೇಲೆ ಕಿವಿಯಿಟ್ಟು ಬದುಕಿದವನಿಗೆ ಇನ್ನೆರಡು ಸಲ ಕೇಳಲು ನಾಲಗೆ ಸವೆಯುತ್ತಿತ್ತೇ? ಪ್ರಾರ್ಥನೆಗೆ ಕೂತರೂ ಪದ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ನಡುವಿನ ಮೌನದಲ್ಲಿ ದೇವರ ಬದಲು ಮೆತ್ತನೆಯ ಕುರ್ಚಿಯಲ್ಲಿ ಸೂಪು ಹೀರುವ ಆರ್ವಿಡ್ ಬಂದು ಕೂರುತ್ತಿದ್ದ. ದೇವರೇ, ಇವನನ್ನು ನನ್ನ ಎದುರಿನಿಂದ ಎಬ್ಬಿಸು ಎಂದು ಅವಳು ಕೇಳಿಕೊಂಡಳು. ಆತ ಎಬ್ಬಿಸಲಿಲ್ಲ.

ಮಾರ್ಚ್ ತಿಂಗಳ ಎರಡನೆಯ ವಾರ ಆರ್ವಿಡ್ ಒಬ್ಬನೇ ಸ್ಪೋಕ್ಯಾನ್‌ಗೆ ಹಾರಿದ. ಮೂರು ದಿನ ಕೆಲಸ ಮಾಡಿ ಬಂದ. ಎಲ್ಲ ಸುಸೂತ್ರವಾಯಿತಂತೆ, ಹೋಗುವಾಗ ಮುಂದಿನ ಸೀಟು ಸಿಕ್ಕಿತಂತೆ, ಓರಿನ್ ಎಂಬ ನಿವೃತ್ತ ಅಂಚೆಯವರು ಕೀಲಿ ಒತ್ತಿಕೊಟ್ಟರಂತೆ, ಬಹಳ ಒಳ್ಳೆಯ ಮನುಷ್ಯರಂತೆ. ಮಾರ್ಲಿಸ್ “ಚೆನ್ನಾಯಿತಲ್ಲ” ಎಂದಳು. ಆ ಮಾತಿನಲ್ಲಿ ಇದ್ದ ಚಳಿಗೆ ಆರ್ವಿಡ್ ಹೆಗಲು ಕುಗ್ಗಿಸಿದ.

ಭಾನುವಾರ ಮಧ್ಯಾಹ್ನ ಅವಳ ಮನೆಯ ಫೋನು ರಿಂಗಾಯಿತು. ಸ್ಪೋಕ್ಯಾನ್ ಚರ್ಚಿನಲ್ಲಿ ಆರ್ಗನ್ ನುಡಿಸುವ ಹಿಲ್ಡ್ರೆಡ್ ವೆಸ್ಟ್‌ಬಿ. ವಯಸ್ಸಾದ, ಮಾತು ಕಡಿಮೆಯ ಹೆಂಗಸು. ಆರ್ವಿಡ್‌ನ ಸಂಖ್ಯೆಗೆ ಮಾಡದೆ ಇವಳಿಗೇ ಮಾಡಿದ್ದರು. ಏನೂ ದೂರು ಹೇಳಲಿಲ್ಲ. ಫೋನನ್ನು ಪಕ್ಕಕ್ಕಿಟ್ಟು ಒಂದು ಸ್ತೋತ್ರದ ಮೊದಲೆರಡು ಸಾಲು ನುಡಿಸಿದರು, ಅಷ್ಟೇ.

ಮಾರ್ಲಿಸ್ ಕಣ್ಣು ಮುಚ್ಚಿ ಕೇಳಿದಳು. ನಾಲಗೆಯಿಲ್ಲದ ಬರಿ ಕೊಳವೆಗಳು ತಮ್ಮ ತಮ್ಮೊಳಗೆ ಒಂದಾಗಿದ್ದವು. ತುತ್ತೂರಿಯಂತೆ ಕೂಗುವ, ಒಳಗೆ ಹಿತ್ತಾಳೆಯ ನಾಲಗೆಯಿರುವ ಕೊಳವೆಗಳು ಮಾತ್ರ ಸಾಲುಸಾಲಾಗಿ ಎಲ್ಲವೂ ಒಂದೇ ಅಳತೆಗೆ ಸ್ವರದಲ್ಲಿ ಮೇಲೆ ನಿಂತು, ಉಳಿದವುಗಳ ಮೇಲೆ ಕಿರುಚುತ್ತಿದ್ದವು.

“ಶ್ರುತಿ ಮಾಡೋವಾಗ ಹೀಟರ್ ಜಾಸ್ತಿ ಇಟ್ಟಿದ್ರಾ?” ಎಂದು ಕೇಳಿದಳು.

“ಓರಿನ್‌ಗೆ ಸುಮ್ನೆ ಕೂತು ಕೂತು ಚಳಿ ಆಯ್ತಂತೆ. ಎಪ್ಪತ್ತೆಂಟಕ್ಕೆ ಇಟ್ಟಿದ್ರಂತೆ, ಮೂರು ದಿನಾನೂ.”

ಭಾನುವಾರದ ಆರಾಧನೆಗೆ ಆ ಚರ್ಚಿನಲ್ಲಿ ಇಡುವುದು ಅರವತ್ತಾರು ಡಿಗ್ರಿ ಫ್ಯಾರನ್‌ಹೀಟ್. ಬಿಸಿಯಾದರೆ ಬರಿ ಕೊಳವೆಗಳ ಸ್ವರ ಏರುತ್ತದೆ. ನಾಲಗೆಯವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಆರ್ವಿಡ್ ಏರಿದ ಕೊಳವೆಗಳಿಗೆ ಸಮನಾಗಿ ನಾಲಗೆಗಳನ್ನು ಏರಿಸಿ ಬಂದಿದ್ದ. ಸಭಾಂಗಣ ತಣ್ಣಗಾದಾಗ ಅವು ಇಳಿದವು, ಇವು ಇಳಿಯಲಿಲ್ಲ. ಇನ್ನೂರ ನಲವತ್ತು ಕೊಳವೆಗಳು, ಮೂರು ದಿನದ ದುಡಿಮೆ, ಎಲ್ಲ ನೀರಿನಲ್ಲಿ ಹೋಮ.

ಒಳಗಿದ್ದವನಿಗೆ ಸೆಕೆ ತಿಳಿಯಲಿಲ್ಲವೇ ಎಂದರೆ, ಏಣಿಯ ಮೇಲೆ ದೀಪದ ಪಕ್ಕ ಒದ್ದಾಡುವವನಿಗೆ ಯಾವಾಗಲೂ ಸೆಕೆಯೇ. ಅದಕ್ಕೇ ಉಷ್ಣಮಾಪಕ ಹೊರಗಿನವರ ಕೈಯಲ್ಲಿರುತ್ತದೆ. ಮಾರ್ಲಿಸ್ ಅದನ್ನು ಕೀಲಿಮಣೆಯ ಪಕ್ಕ ಇಟ್ಟುಕೊಂಡು, ಎರಡು ಗೆರೆ ಏರಿದರೆ ಬೆರಳು ತೆಗೆದು, “ಕೆಳಗಿಳಿ, ಕಾಫಿ ಕುಡಿ” ಅನ್ನುತ್ತಿದ್ದಳು. ಅದು ಕೂಡ ಕೀಲಿ ಒತ್ತುವ ಕೆಲಸದಲ್ಲೇ ಸೇರಿತ್ತು. ಯಾರೂ ಅದನ್ನು ಕೆಲಸವೆಂದು ಬರೆದುಕೊಂಡಿರಲಿಲ್ಲ.

ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಅವಳು ಗೋಡೆಗೆ ಒರಗಿ ಅತ್ತಳು. ಆ ಆರ್ಗನ್ ಅವಳಿಗೂ ಸೇರಿದ್ದು. ಈಸ್ಟರಿನ ಹೊತ್ತಿಗೆ ಅದು ಹಾಗೆ ಕಿರುಚಬಾರದಿತ್ತು.

ಸೋಮವಾರ ಬೆಳಿಗ್ಗೆ ಅವಳು ವಿಷಯ ತಿಳಿಸಿದಳು. ಕಾರ್ಖಾನೆಯಲ್ಲಿ ಅದೇ ಮೇಜು, ಅದೇ ಮೂವರು. ಕರ್ಟಿಸ್ ಫೋನಿಗೆ ಕಿವಿಯಿಟ್ಟು ಅರ್ಧ ಗಂಟೆಯಾಗಿತ್ತು. ಸಮಿಟ್ ಬಿಟ್ಟು ಪ್ಲಾಟಿನಂಗೆ ಇಳಿದರೆ ಎರಡು ಜೊತೆಗಾರರ ಟಿಕೆಟ್ ಬರುತ್ತದೆ, ಅದರಲ್ಲಿ ಮಾರ್ಲಿಸ್ ಅವರನ್ನು ಕರೆದುಕೊಂಡು ಹೋಗಿ ಸರಿ ಮಾಡಿ ಬನ್ನಿ ಎಂಬುದು ಅವನ ಹೊಸ ಉಪಾಯ. ಫೋನಿನ ಆ ಕಡೆಯ ಹೆಣ್ಣುಮಗಳು ಸಿಹಿ ದನಿಯಲ್ಲಿ ನಿಯಮ ಓದಿ ಹೇಳಿದಳು. ಒಮ್ಮೆ ಮೇಲಿನ ದರ್ಜೆ ಹಿಡಿದವರಿಗೆ ಕೆಳಗಿನ ದರ್ಜೆಯ ಸೇರ್ಪಡೆಯ ಕೊಡುಗೆ ಎಂದೆಂದಿಗೂ ಇಲ್ಲ. ಕೆಳಗಿಂದ ಮೇಲಕ್ಕೆ ಹೋಗಬಹುದು. ಮೇಲಿಂದ ಕೆಳಗೆ ಬಂದರೆ ಬರಿಗೈ. ವರ್ಷ ಕಾದರೆ ಮುಂದಿನ ವರ್ಷದ ಎರಡು ಟಿಕೆಟ್ ಸಿಗುತ್ತದೆ. ಸಮಿಟ್‌ನ ಆರುನೂರೈವತ್ತು ಮಾತ್ರ ವಾಪಸಿಲ್ಲ.

“ಇದೆಂಥ ನ್ಯಾಯ ರೀ,” ಎಂದು ಕರ್ಟಿಸ್ ಫೋನನ್ನೇ ಬೈದ.

ಆರ್ವಿಡ್ ಅವನನ್ನು ಹೊರಗೆ ಕಳಿಸಿದ. ಕುರ್ಚಿ ಎಳೆದುಕೊಂಡು ಮಾರ್ಲಿಸ್‌ಳ ಎದುರು ಕೂತ. ಟಿಕೆಟ್ ಪೂರ್ತಿ ದುಡ್ಡು ಕೊಟ್ಟೇ ಕೊಳ್ಳುತ್ತೇನೆ, ಬರುತ್ತೀಯಾ ಎಂದು ಕೇಳಿದ. ಅವಳು ಇಲ್ಲ ಎಂದಳು. ಅವನು ತಲೆಯಾಡಿಸಿ, ಒಂದು ಉಸಿರು ಬಿಟ್ಟು, ಹಿಲ್ಡ್ರೆಡ್‌ಗಾಗಿಯಾದರೂ ಬಾ ಎಂದ. ಅವಳು ಇಲ್ಲ ಎಂದಳು. ಅವನ ಮುಖ ಸ್ವಲ್ಪ ಸಡಿಲಾಯಿತು. ಇನ್ನೊಂದೇ ಸಲ ಎಂದು ಅವನಿಗೆ ಗೊತ್ತಿತ್ತು. ತಪ್ಪಾಯಿತು ಮಾರ್ಲಿಸ್, ಬಾ ಎಂದ.

“ಇಲ್ಲ,” ಎಂದಳು ಮೂರನೇ ಸಲ.

ಆ ಸೀಮೆಯಲ್ಲಿ ನಾಲ್ಕನೇ ಸಲ ಕೇಳುವ ಮಾತು ಇಲ್ಲ.

“ನಾನು ನಿನ್ನ ಲಗೇಜಲ್ಲ ಆರ್ವಿಡ್,” ಅವಳು ದನಿ ಏರಿಸದೆ ಹೇಳಿದಳು. “ಕಾರ್ಡಲ್ಲಿ ಬಿಟ್ಟಿ ಇದ್ರೆ ಹೊತ್ಕೊಂಡು ಹೋಗೋದು, ಇಲ್ದಿದ್ರೆ ಮನೇಲಿ ಬಿಟ್ಟು ಹೋಗೋದು. ಯಾರು ಬೇಕಾದ್ರೂ ಒತ್ತಬಹುದು ಅಂತ ಅವನಂದಾಗ ನೀನು ತಲೆ ತಗ್ಗಿಸ್ಕೊಂಡು ಕುರ್ಚಿ ಚಿತ್ರ ನೋಡ್ತಾ ಕೂತಿದ್ದೆ.”

“ಮಂಡಿ ನೋವು ಕಣೇ.”

“ನನಗೂ ಬೆನ್ನು ನೋವು. ಹಿಂದೆ ಒರಗೋಕೆ ಏನೂ ಇಲ್ದಿರೋ ಬೆಂಚು, ಇಪ್ಪತ್ತಾರು ವರ್ಷ. ನೀನು ಯಾವತ್ತಾದ್ರೂ ಕೇಳಿದ್ದೀಯಾ?”

ಅವನು ಕೇಳಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು.

ಅವಳು ಮೇಜಿನ ಮೂಲೆಯಲ್ಲಿ ಬಿದ್ದಿದ್ದ ಪ್ಲಾಟಿನಂ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಹಿಂಬದಿಯ ಇರುವೆ ಗಾತ್ರದ ಅಕ್ಷರಗಳನ್ನು, ಎಲ್ಲ ನಲವತ್ತು ಸಾಲುಗಳನ್ನು, ತಂದೆ ಪದ್ಯ ಹೇಳುತ್ತಿದ್ದ ಹಾಗೆ ನಿಂತು ನಿಂತು ಓದಿದಳು. ಸಣ್ಣ ವ್ಯಾಪಾರಿ ಎಂದರೆ ಅಂಗಡಿ ಇರಲೇಬೇಕೆಂದಿಲ್ಲ; ಸ್ವಂತ ಹೆಸರಿನಲ್ಲಿ ಒಬ್ಬರೇ ದುಡಿಯುವವರೂ ಅರ್ಜಿ ಹಾಕಬಹುದು. ಅವಳು ಅವನ ಸಂಬಳದವಳಾಗಿ ಎಂದೂ ಇದ್ದಿರಲಿಲ್ಲ. ಪ್ರತಿ ಆರ್ಗನ್‌ಗೆ ಇಷ್ಟು ಎಂದು ಕೂಲಿ ಪಡೆದು, ತನ್ನ ತೆರಿಗೆ ತಾನೇ ಕಟ್ಟಿಕೊಂಡು ಬಂದವಳು. ಆ ಏರ್ಪಾಡು ಆರ್ವಿಡ್‌ಗೆ ಅನುಕೂಲವೆಂದು ಅವನೇ ಮಾಡಿದ್ದು.

ಅವಳು ಅಲ್ಲೇ ಕೂತು ಅರ್ಜಿ ತುಂಬಿದಳು. ವ್ಯಾಪಾರದ ಹೆಸರು: ಮಾರ್ಲಿಸ್ ಎಕ್ಲಂಡ್. ವ್ಯಾಪಾರದ ಬಗೆ: ಪೈಪ್ ಆರ್ಗನ್ ಶ್ರುತಿ. ಎಷ್ಟು ವರ್ಷದಿಂದ: ಇಪ್ಪತ್ತಾರು. ಅಂಕಿ ಬರೆಯುವಾಗ ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿತು.

“ಎರಡು ಟಿಕೆಟ್ ಹತ್ತು ದಿನದಲ್ಲಿ ಬರುತ್ತಂತೆ,” ಎಂದಳು. “ಈಸ್ಟರಿಗೆ ಇನ್ನೂ ನಾಲ್ಕು ವಾರ ಇದೆ. ಹೋಗೋಣ. ಕಾರ್ಡು ನಂದು, ಪ್ರಯಾಣಿಕಳು ನಾನು. ನೀನು ನನ್ನ ಜೊತೆಗಾರ. ಹಿಲ್ಡ್ರೆಡ್ ಚರ್ಚಿಗೆ ಈ ಸಲದ ಬಿಲ್ಲಿಲ್ಲ, ಅದು ನಿನ್ನ ತಪ್ಪು. ಮುಂದಿನ ಸಲದಿಂದ ಬಿಲ್ಲಲ್ಲಿ ಎರಡು ಹೆಸರು, ದುಡ್ಡಲ್ಲಿ ಎರಡು ಭಾಗ.”

“ಸಮಭಾಗವೇ?”

“ಒಂದು ಕಿವಿ ಇಟ್ಕೊಂಡು ಶ್ರುತಿ ಮಾಡೋಕಾಗುತ್ತಾ ನಿಂಗೆ?”

ಕಾರ್ಖಾನೆ ನನ್ನದು, ಉಪಕರಣ ನನ್ನದು ಎಂದೇನೋ ಆರ್ವಿಡ್ ಶುರುಮಾಡಿ ನಡುವೆಯೇ ಬಿಟ್ಟ. ಆಮೇಲೆ ಆಗಲಿ ಎಂದ. ಅದನ್ನು ಅವನು ಸಂತೋಷದಿಂದ ಹೇಳಲಿಲ್ಲ. ಅವಳೂ ಸಂತೋಷವನ್ನು ಕೇಳಿರಲಿಲ್ಲ. ಕಾಗದದ ಮೇಲೆ ಬರೆದು ಸಹಿ ಹಾಕು ಎಂದಳು, ಅವನು ಹಾಕಿದ.

ಏಪ್ರಿಲ್ ಮೊದಲ ವಾರ ಅವರು ಹೊರಟರು. ನಿಲ್ದಾಣದಲ್ಲಿ ಆರ್ವಿಡ್ ಸಮಿಟ್ ಕೋಣೆಯ ಗಾಜಿನ ಬಾಗಿಲ ಮುಂದೆ ನಿಧಾನಿಸಿದ. ಕಾರ್ಡು ಇನ್ನೂ ಅವನ ಜೇಬಿನಲ್ಲಿತ್ತು, ವರ್ಷದ ಶುಲ್ಕ ಹೇಗೂ ಹೋಗಿತ್ತು. ಬಾಗಿಲಲ್ಲಿದ್ದ ಹುಡುಗಿ ಅವನೊಬ್ಬನೇ ಬರಬಹುದು, ಜೊತೆಯವರಿಗೆ ಐವತ್ತು ಡಾಲರ್ ಎಂದಳು. ಮಾರ್ಲಿಸ್ ಮುಂದೆ ನಡೆದಳು. ಅವನು ಒಂದು ಕ್ಷಣ ಒಳಗಿನ ಕುರ್ಚಿಗಳನ್ನು ನೋಡಿ, ಪೆಟ್ಟಿಗೆಯ ಹಿಡಿ ಬದಲಾಯಿಸಿಕೊಂಡು ಅವಳ ಹಿಂದೆ ನಡೆದ.

ವಿಮಾನದಲ್ಲಿ ಇಪ್ಪತ್ತೆಂಟನೇ ಸಾಲು. ಓಡಾಡುವ ದಾರಿಯ ಪಕ್ಕದ ಸೀಟು ಅವಳದು, ನಡುವಿನದು ಅವನದು. ಕಿಟಕಿಯ ಪಕ್ಕದ ಭಾರಿ ಆಳು ಆಗಲೇ ನಿದ್ದೆ ಹೋಗಿದ್ದ. ಆರ್ವಿಡ್‌ನ ಮಂಡಿಗಳು ಮುಂದಿನ ಸೀಟಿಗೆ ಒತ್ತಿಕೊಂಡವು. ಅವನು ಮೆಲ್ಲಗೆ ನರಳಿದ್ದು ಅವಳಿಗೆ ಕೇಳಿಸಿತು. ಅವಳಿಗೆ ಕೇಳಿಸದ್ದು ಯಾವುದಿತ್ತು? ಕನಿಕರವೂ ಬಂತು. ಸೀಟು ಬದಲಾಯಿಸೋಣವೇ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತು. ಅದನ್ನು ಅಲ್ಲೇ ಕೂರಿಸಿ, ಅವಳು ಕಣ್ಣು ಮುಚ್ಚಿ ಪದ್ಯ ಹೇಳಿಕೊಳ್ಳತೊಡಗಿದಳು. ವಿಮಾನ ನೆಲ ಬಿಟ್ಟಾಗ ಅವಳು ಎರಡನೆಯ ಸಾಲಿನಲ್ಲಿದ್ದಳು. ಪರ್ವತಗಳು ಬರುವ ಹೊತ್ತಿಗೆ ಅವನ ಕಾಲು ಪೂರ್ತಿ ಮರಗಟ್ಟಿತ್ತು. ಸೀಟು ಬದಲಾಯಿಸೋಣವೇ ಎಂದು ಅವಳು ಇನ್ನೂ ಮೊದಲ ಸಲವೂ ಕೇಳಿರಲಿಲ್ಲ.